ಶಿರಸಿಯಲ್ಲೇ ಕೂತು ಆ್ಯನಿಮೇಷನ್ ಸ್ಟುಡಿಯೋ ನಡೆಸುವುದು ಹೇಗೆ?

ಆ್ಯನಿಮೇಷನ್ ಸ್ಟುಡಿಯೋ ಮಾಡ್ತೀನಿ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಹೆಸರು ಹುಡುಕುತ್ತಾರೆ, ಲೋಗೋ ಮಾಡುತ್ತಾರೆ, ಸಾಲ ಮಾಡಿ ದೊಡ್ಡ ಕಂಪ್ಯೂಟರ್ ತರುತ್ತಾರೆ. ಇದೆಲ್ಲ ಕಾಯಬಹುದು. ಈ ಕಸುಬಿನಲ್ಲಿ ಪ್ರತಿಭೆ ಇಲ್ಲದೆ ಮುಳುಗಿದವರಿಗಿಂತ ಖರ್ಚಿನ ಸರದಿ ಹಿಂದುಮುಂದು ಮಾಡಿಕೊಂಡು ಮುಳುಗಿದವರೇ ಜಾಸ್ತಿ ಎಂಬುದು ನನ್ನ ಅನಿಸಿಕೆ. ಮೊದಲು ಕೆಲಸ ಕೈಗೆ ಹತ್ತಬೇಕು. ಆಮೇಲೆ ರೀಲ್ (ನಿಮ್ಮ ಒಳ್ಳೆಯ ಕೆಲಸಗಳನ್ನು ಜೋಡಿಸಿ ತೋರಿಸುವ ಸಣ್ಣ ವಿಡಿಯೋ), ಆಮೇಲೆ ಒಂದಷ್ಟು ಕಾಲ ಬೇರೆಯವರ ಕೈಕೆಳಗೆ ಸಂಬಳ, ಆಮೇಲೆ ಸ್ವಂತ ಗಿರಾಕಿ. ಬಾಡಿಗೆ ರೂಮು ಅದರ ನಂತರ.

ಒಂದು ಕೆಲಸ ಹಿಡಿಯಿರಿ

ಆ್ಯನಿಮೇಷನ್ ಅಂದರೆ ಒಂದೇ ಕೆಲಸ ಅಲ್ಲ. ಪಾತ್ರದ ಆಕಾರ ಕಟ್ಟುವುದು ಮಾಡೆಲಿಂಗ್, ಅದರೊಳಗೆ ಎಲುಬು-ಕೀಲು ಕೂರಿಸುವುದು ರಿಗ್ಗಿಂಗ್, ಅದನ್ನು ಕುಣಿಸುವುದು ಆ್ಯನಿಮೇಷನ್. ಬೆಳಕು ಬೇರೆ, ಎಲ್ಲವನ್ನೂ ಸೇರಿಸುವ ಕಾಂಪೊಸಿಟಿಂಗ್ ಬೇರೆ. ಒಂದನ್ನು ಆಳವಾಗಿ ಕಲಿಯಿರಿ, ಉಳಿದದ್ದು ಕೆಲಸ ನಡೆಯುವಷ್ಟು ಬಂದರೆ ಸಾಕು.

ಸಾಫ್ಟ್‌ವೇರ್‌ಗೆ ಈಗಲೇ ದುಡ್ಡು ಹಾಕಬೇಡಿ. ಬ್ಲೆಂಡರ್ ಎಂಬ ಆ್ಯನಿಮೇಷನ್ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರಲ್ಲಿ ಗಳಿಸಿದ ದುಡ್ಡಿಗೂ ಯಾರಿಗೂ ಪಾಲು ಕೊಡಬೇಕಿಲ್ಲ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಸಿನಿಮಾ ಮಾಡಿದ್ದು ಬ್ಲೆಂಡರ್‌ನಲ್ಲೇ. ದೊಡ್ಡ ಸ್ಟುಡಿಯೋಗಳಲ್ಲಿ ಮಾಯಾ ಎಂಬ ಇನ್ನೊಂದು ಸಾಫ್ಟ್‌ವೇರ್ ಕೇಳುತ್ತಾರೆ ನಿಜ. ಒಂದು ಚೆನ್ನಾಗಿ ಬಂದರೆ ಇನ್ನೊಂದಕ್ಕೆ ಹೊಂದಿಕೊಳ್ಳುವುದು ಕಷ್ಟವಲ್ಲ.

ಕುಣಿತವನ್ನು ಫ್ರೇಮ್ ಫ್ರೇಮ್ ನೋಡಿ

ಪುಟಿಯುವ ಚೆಂಡಿನಿಂದ ಶುರು ಮಾಡಿ, ಆಮೇಲೆ ನಡಿಗೆ. ಇದು ಎಲ್ಲ ಕಡೆ ಹೇಳಿಕೊಡುವ ಪಾಠ. ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೇರೆಯವರಿಗೆ ಸುಲಭಕ್ಕೆ ಸಿಗದ ಒಂದು ಪಾಠವೂ ಇದೆ, ಯಕ್ಷಗಾನ. ಗುಣವಂತೆಯ ಕೆರೆಮನೆ ಮೇಳ 1934ರಿಂದ ಆಡುತ್ತಾ ಬಂದಿರುವ ಕರಾವಳಿ ಇದು. ಹತ್ತಿರದ ಕಲಾವಿದರನ್ನು ಕೇಳಿಕೊಂಡು, ಅಭ್ಯಾಸದ ಹೊತ್ತಿಗೆ ಹೋಗಿ, ಫೋನನ್ನು ಸ್ಟ್ಯಾಂಡಿಗೆ ಹಾಕಿ ಬದಿಯಿಂದ ವಿಡಿಯೋ ತೆಗೆಯಿರಿ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ತೆಗೆಯುತ್ತದೆ, ಸಿನಿಮಾ ಲೆಕ್ಕ 24. ಸೆಟ್ಟಿಂಗ್‌ನಲ್ಲಿ 24ರ ಆಯ್ಕೆ ಇದ್ದರೆ ಮೊದಲೇ ಅದಕ್ಕೆ ಬದಲಿಸಿ, ಇಲ್ಲದಿದ್ದರೆ ಆಮೇಲೆ ಎಣಿಕೆ ತಪ್ಪುತ್ತದೆ.

ಮನೆಗೆ ಬಂದು ಒಂದೇ ಒಂದು ದಿಗಿಣವನ್ನು (ಯಕ್ಷಗಾನದಲ್ಲಿ ಹಾರಿ ಸುತ್ತುವ ಕುಣಿತ) ನಿಧಾನಕ್ಕೆ ಮುಂದೆ ತಳ್ಳುತ್ತಾ ನೋಡಿ. ಹಾರುವ ಮೊದಲು ಮೈ ಕೆಳಗಿಳಿಯುತ್ತದೆ, ಮಂಡಿ ಬಾಗುತ್ತದೆ, ಹೆಗಲು ತಿರುಗುವ ದಿಕ್ಕಿಗೆ ಎದುರಾಗಿ ಒಂದಿಷ್ಟು ಹಿಂದೆ ಸರಿಯುತ್ತದೆ. ಕಾಲು ನೆಲ ಮುಟ್ಟಿದ ಮೇಲೂ ಹೆಗಲ ವಲ್ಲಿ ಇನ್ನೂ ತಿರುಗುತ್ತಲೇ ಇರುತ್ತದೆ, ಕೆಲವು ಫ್ರೇಮ್ ಬಿಟ್ಟು ಬಂದು ಮೈಗೆ ಅಂಟುತ್ತದೆ. ಆ್ಯನಿಮೇಟರ್‌ಗಳು ಮೊದಲನೆಯದಕ್ಕೆ ಆ್ಯಂಟಿಸಿಪೇಷನ್ ಅಂತಾರೆ, ಎರಡನೆಯದಕ್ಕೆ ಫಾಲೋ ಥ್ರೂ. ಬಾಗಿದ್ದು ಎಷ್ಟು ಫ್ರೇಮ್, ಗಾಳಿಯಲ್ಲಿ ಎಷ್ಟು, ವಲ್ಲಿ ತಡವಾಗಿದ್ದು ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಈಗ ಕಣ್ಣು-ಬಾಯಿ ಇಲ್ಲದ ಸಾದಾ ಗೊಂಬೆಯಿಂದ ಅದನ್ನೇ ಮಾಡಿಸಿ. ವೇಷ ಇಲ್ಲದೆಯೂ ಇದು ದಿಗಿಣ ಅಂತ ನೋಡಿದವರಿಗೆ ಗೊತ್ತಾದರೆ ನಿಮ್ಮ ಕೈ ಕುದುರಿದೆ ಅಂತ ಲೆಕ್ಕ.

ರೆಂಡರ್ ಮತ್ತು ಮಳೆಗಾಲ

ಮಾಡಿದ ದೃಶ್ಯವನ್ನು ಕಂಪ್ಯೂಟರ್ ಒಂದೊಂದೇ ಫ್ರೇಮಾಗಿ ಅಂತಿಮ ಚಿತ್ರ ಮಾಡುವುದೇ ರೆಂಡರ್. ಸೆಕೆಂಡಿಗೆ 24ರಂತೆ ಒಂದು ನಿಮಿಷಕ್ಕೆ 1,440 ಫ್ರೇಮ್. ಒಂದು ಫ್ರೇಮಿಗೆ ನಾಲ್ಕು ನಿಮಿಷ ಹಿಡಿದರೂ 96 ಗಂಟೆ, ಅಂದರೆ ನಾಲ್ಕು ದಿನ ಪೂರ್ತಿ. ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ನಾಲ್ಕು ದಿನ ಸತತ ಕರೆಂಟು ಇರುತ್ತೆ ಅಂತ ಯಾರಾದರೂ ಬರೆದುಕೊಡ್ತಾರಾ? ಹಾಗಾಗಿ ನೇರ ವಿಡಿಯೋ ಫೈಲಾಗಿ ರೆಂಡರ್ ಮಾಡಲೇಬೇಡಿ. ಪ್ರತಿ ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ, ಪಿಎನ್‌ಜಿಯಲ್ಲಿ, ಉಳಿಸಿ. 900ನೇ ಫ್ರೇಮಿಗೆ ಕರೆಂಟು ಕೈಕೊಟ್ಟರೆ ಮತ್ತೆ 900ರಿಂದಲೇ ಶುರು ಮಾಡಬಹುದು. ಸಾಧ್ಯವಾದ ಕಡೆ ಬ್ಲೆಂಡರ್‌ನ ರೆಂಡರ್ ವಿಧಾನಗಳಲ್ಲಿ ಸೈಕಲ್ಸ್ ಬಿಟ್ಟು ಈವಿ ಬಳಸಿ, ಸಮಯ ಎಷ್ಟೋ ಉಳಿಯುತ್ತದೆ.

ಮೆಷಿನ್ ಕೊಳ್ಳುವಾಗ ಗ್ರಾಫಿಕ್ಸ್ ಕಾರ್ಡಿಗೆ ಜಾಸ್ತಿ ದುಡ್ಡಿಡಿ, ರ್‍ಯಾಮ್ 32 ಜಿಬಿ ಇರಲಿ, ಯುಪಿಎಸ್ ಮಾತ್ರ ಬಿಡಬೇಡಿ. ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ತಲೆನೋವು, ಉಪ್ಪುಗಾಳಿ. ಕಂಪ್ಯೂಟರನ್ನು ಸಮುದ್ರದ ಕಡೆ ಕಿಟಕಿಯ ಪಕ್ಕ ಇಡಬೇಡಿ, ಆಗಾಗ ಬಿಚ್ಚಿ ಧೂಳು ತೆಗೆಯಿರಿ.

ಕನ್ನಡ ಅಕ್ಷರದ ಬಗ್ಗೆಯೂ ಒಂದು ಮಾತು. ಬ್ಲೆಂಡರ್‌ನಲ್ಲಿ ನೇರವಾಗಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆದುಹೋಗುವುದು ಮಾಮೂಲು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ, ಎಸ್‌ವಿಜಿ ಫೈಲಾಗಿ ಒಳಗೆ ತನ್ನಿ.

ರೀಲ್, ಆಮೇಲೆ ಸಂಬಳ

ರೀಲ್ ಒಂದು ನಿಮಿಷ ದಾಟಬಾರದು. ಅತಿ ಚೆನ್ನಾಗಿರುವ ಶಾಟ್ ಮೊದಲಿಗೇ ಬರಲಿ. ಯೂಟ್ಯೂಬ್ ಪಾಠ ನೋಡಿ ಮಾಡಿದ್ದನ್ನು ಹಾಗೇ ಹಾಕಬೇಡಿ, ನೋಡುವವರು ಆ ಪಾಠದಲ್ಲಿ ಮಾಡಿಸುವ ಅದೇ ಡೋನಟ್ಟನ್ನು ಸಾಕಷ್ಟು ಸಲ ನೋಡಿರುತ್ತಾರೆ.

ಇದನ್ನು ಹಿಡಿದು ಬೆಂಗಳೂರಿನಲ್ಲೋ ಮನೆಯಿಂದಲೋ ಎರಡು ವರ್ಷ ಕೆಲಸ ಮಾಡಿ. ಫೈಲಿಗೆ ಹೆಸರಿಡುವ ಕ್ರಮ, ತಿದ್ದುಪಡಿ ತಿರುಗಿ ಬಂದಾಗ ಸಿಟ್ಟು ಮಾಡಿಕೊಳ್ಳದೆ ಮುಗಿಸುವುದು, ಇವೆಲ್ಲ ಒಬ್ಬರೇ ಕೂತು ಕಲಿಯಲು ಆಗುವುದಿಲ್ಲ.

ಗಿರಾಕಿ ಮತ್ತು ದರ

ಸಿನಿಮಾವನ್ನೇ ಕಾಯುತ್ತಾ ಕೂರಬೇಡಿ. ಅಡಿಕೆ ಸುಲಿಯುವ ಯಂತ್ರ ಮಾಡುವವರಿಗೆ ಯಂತ್ರದ ಒಳಗೇನು ನಡೆಯುತ್ತದೆ ಎಂದು ತೋರಿಸುವ ವಿಡಿಯೋ ಬೇಕು. ಸಹಕಾರಿ ಸಂಘ, ಶಾಲೆ, ಆಸ್ಪತ್ರೆಗಳಿಗೂ ಇಂಥದ್ದು ಬೇಕಾಗುತ್ತದೆ. ಹೀಗೆ ಊರಿನ ಎರಡು ಮೂರು ಕೆಲಸ ಕೈಯಲ್ಲಿದ್ದರೆ ಹೊರಗಿನವರನ್ನು ಕೇಳಲು ಧೈರ್ಯ ಬರುತ್ತದೆ.

ದರ ಹೇಳುವುದರಲ್ಲೇ ಹೆಚ್ಚಿನವರು ಎಡವುವುದು. ಹೀಗೆ ಲೆಕ್ಕ ಹಾಕಿ: ಮನೆ ಖರ್ಚು, ಕರೆಂಟು, ಮೆಷಿನ್ ಸವಕಳಿ ಸೇರಿ ತಿಂಗಳಿಗೆ 48,000 ಬೇಕು ಅಂತಿಟ್ಟುಕೊಳ್ಳಿ. ತಿಂಗಳಲ್ಲಿ ದುಡ್ಡು ಹುಟ್ಟುವ ದಿನ 12 ಸಿಕ್ಕರೆ ಪುಣ್ಯ, ಉಳಿದದ್ದು ಫೋನು, ಓಡಾಟ, ಕಲಿಕೆಗೆ ಹೋಗುತ್ತದೆ. ಅಂದರೆ ದಿನಕ್ಕೆ 4,000. ಒಂದು ವಿಡಿಯೋಗೆ ಹತ್ತು ದಿನ ಬೇಕಾದರೆ 40,000, ಧ್ವನಿ ಕೊಟ್ಟವರ ದುಡ್ಡು ಬೇರೆ. ಪರಿಚಯದವರು ‘ಸುಮ್ನೆ ಸಣ್ಣದೊಂದು ಮಾಡ್ಕೊಡು ಮಾರಾಯಾ’ ಅಂದರೂ ಈ ಲೆಕ್ಕ ತಲೆಯಲ್ಲಿರಲಿ.

ಅರ್ಧ ದುಡ್ಡು ಮುಂಗಡ. ದೃಶ್ಯಗಳನ್ನು ಸಾಲಾಗಿ ಚಿತ್ರ ಬಿಡಿಸಿದ ಸ್ಟೋರಿಬೋರ್ಡಿಗೆ ಒಪ್ಪಿಗೆ, ಚಿತ್ರಗಳನ್ನು ಧ್ವನಿಗೆ ಜೋಡಿಸಿದ ಆ್ಯನಿಮ್ಯಾಟಿಕ್‌ಗೆ ಇನ್ನೊಂದು ಒಪ್ಪಿಗೆ, ಎರಡನ್ನೂ ಬರಹದಲ್ಲೇ ತೆಗೆದುಕೊಳ್ಳಿ, ವಾಟ್ಸ್ಆ್ಯಪ್ ಆದರೂ ಸಾಕು. ತಿದ್ದುಪಡಿ ಎರಡು ಸುತ್ತು ಮಾತ್ರ, ಮೂರನೆಯದಕ್ಕೆ ದುಡ್ಡು.

ಕಾಗದಪತ್ರ

ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಆನ್‌ಲೈನ್‌ನಲ್ಲಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಆಯಿತು, ಮಾಡಿಸಿಕೊಡಲು ಯಾರಿಗೂ ಫೀಸು ಕೊಡಬೇಕಿಲ್ಲ. ಇದರ ನಿಜವಾದ ಲಾಭ ಬೇರೆ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿ 45 ದಿನದ ಈ ನಿಯಮವನ್ನೂ ಬರೆಯಿರಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಕಂಪನಿಗಳು ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದುಕೊಂಡರೆ ಗಾಬರಿ ಬೇಡ, ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಬರುತ್ತದೆ. ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಯೋಜನೆಯ ಸಾಲ-ಸಬ್ಸಿಡಿ ಬೇಕೆಂದಿದ್ದರೆ ಅದು ಹೊಸ ಘಟಕಗಳಿಗೆ, ಹಳ್ಳಿಯಲ್ಲಾದರೆ ಪೇಟೆಗಿಂತ ಸಬ್ಸಿಡಿ ಜಾಸ್ತಿ. ಹಾಗಾಗಿ ಉಳಿದ ನೋಂದಣಿ ಮಾಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಿ.

ಕೈತುಂಬ ಕೆಲಸ ಬಂದು ಒಬ್ಬರಿಂದ ಆಗದು ಅನ್ನಿಸಿದಾಗ ಮೊದಲು ಶಾಟಿಗಿಷ್ಟು ಅಂತ ಕೆಲಸ ಹಂಚಿ. ಒಂದೇ ಶಾಟನ್ನು ಇಬ್ಬರು ಮೂವರಿಗೆ, ದುಡ್ಡು ಕೊಟ್ಟೇ, ಮಾಡಲು ಹೇಳಿ. ಯಾರು ಹೇಳಿದ ದಿನಕ್ಕೆ ಕೊಟ್ಟರು, ಯಾರ ಫೈಲು ತೆರೆದಾಗ ಎಲ್ಲವೂ ಜಾಗದಲ್ಲಿತ್ತು ನೋಡಿ. ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಕೂಡಿಬಿದ್ದ ಮೇಲೆ ಅವರಲ್ಲೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಿ, ರೂಮನ್ನೂ ಆಗಲೇ ಹುಡುಕಿ.