ಡಿಸ್ಕ್ ದೊಡ್ಡದು ಮಾಡಿದರೂ ಜಾಗ ಬರದಿದ್ದಾಗ

ಉಬುಂಟು ಸರ್ವರ್‌ನ ರೂಟ್ ಡಿಸ್ಕ್ 100% ತುಂಬಿತ್ತು. ಕ್ಲೌಡ್ ಕನ್ಸೋಲ್‌ನಲ್ಲಿ ವಾಲ್ಯೂಮನ್ನು (ಸರ್ವರ್‌ನ ವರ್ಚುವಲ್ ಡಿಸ್ಕನ್ನು) 20 ಜಿಬಿಯಿಂದ 40ಕ್ಕೆ ಏರಿಸಿದೆ. ಡಿಸ್ಕ್-ಪಾರ್ಟಿಷನ್‌ಗಳ ಪಟ್ಟಿ ಕೊಡುವ 'ಎಲ್ಎಸ್‌ಬಿಎಲ್‌ಕೆ' ಆಜ್ಞೆ ಡಿಸ್ಕ್ 40 ಎನ್ನುತ್ತದೆ. ಫೈಲ್‌ಸಿಸ್ಟಮ್‌ನ ಜಾಗ ತೋರಿಸುವ 'ಡಿಎಫ್' ಮಾತ್ರ 20 ಬಿಟ್ಟು ಕದಲುವುದಿಲ್ಲ. ರೀಬೂಟ್ ಮಾಡಿದರೂ ಅಷ್ಟೇ. ನೇರವಾಗಿ ಫೈಲ್‌ಸಿಸ್ಟಮ್ ಹಿಗ್ಗಿಸುವ 'ರೀಸೈಜ್2ಎಫ್ಎಸ್' ಕೊಟ್ಟರೆ ಮಾಡುವುದಕ್ಕೇನೂ ಇಲ್ಲವೆಂಬ ಉತ್ತರ, ಫೈಲ್‌ಸಿಸ್ಟಮ್ ಕೂತಿರುವ ಡಿಸ್ಕಿನ ಭಾಗ, ಅಂದರೆ ಪಾರ್ಟಿಷನ್ನೇ ಬೆಳೆದಿಲ್ಲವಲ್ಲ. ಪಾರ್ಟಿಷನ್ ಬೆಳೆಸುವ 'ಗ್ರೋಪಾರ್ಟ್' ಕೂಡ ಕೈಚೆಲ್ಲಿತು: ಅದು ಮೊದಲು ತಾತ್ಕಾಲಿಕ ಫೈಲುಗಳ ಜಾಗವಾದ /ಟಿಎಂಪಿಯಲ್ಲಿ ತನಗೊಂದು ಡೈರೆಕ್ಟರಿ ಮಾಡಿಕೊಳ್ಳಬೇಕು, ತುಂಬಿದ ಡಿಸ್ಕಿನಲ್ಲಿ ಅದೆಲ್ಲಿ ಆದೀತು!

/ಟಿಎಂಪಿಯನ್ನು ರ‍್ಯಾಮ್‌ಗೆ ಸರಿಸಿದ ಮೇಲೆ ಕೆಲಸ ಆಯಿತು:
ಸುಡೊ ಮೌಂಟ್ -ಟಿ ಟಿಎಂಪಿಎಫ್ಎಸ್ -ಓ ಸೈಜ್=10ಎಂ ಟಿಎಂಪಿಎಫ್ಎಸ್ /ಟಿಎಂಪಿ

ಆಮೇಲೆ:
ಸುಡೊ ಗ್ರೋಪಾರ್ಟ್ /ಡೆವ್/ಎನ್‌ವಿಎಂಇ0ಎನ್1 1

ಕೊನೆಯ 1 ಪಾರ್ಟಿಷನ್ ಸಂಖ್ಯೆ, ಅದರ ಹಿಂದೆ ಸ್ಪೇಸ್ ಬೇಕೇ ಬೇಕು. ಮುಂದಿನದರಲ್ಲಿ ಸ್ಪೇಸ್ ಇಲ್ಲ, 'ಪಿ' ಬರುತ್ತದೆ:
ಸುಡೊ ರೀಸೈಜ್2ಎಫ್ಎಸ್ /ಡೆವ್/ಎನ್‌ವಿಎಂಇ0ಎನ್1ಪಿ1

ಫೈಲ್‌ಸಿಸ್ಟಮ್ ಎಕ್ಸ್ಎಫ್ಎಸ್ ಆಗಿದ್ದರೆ ಇದರ ಬದಲು 'ಎಕ್ಸ್ಎಫ್ಎಸ್_ಗ್ರೋಎಫ್ಎಸ್ /'. ಎಲ್ಲ ಮುಗಿದ ಮೇಲೆ /ಟಿಎಂಪಿಯನ್ನು ಅನ್‌ಮೌಂಟ್ ಮಾಡಿ. ಹೌದು, ಪಾರ್ಟಿಷನ್ ಮುಟ್ಟುವ ಮೊದಲೇ ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದಿಟ್ಟಿರಿ.