ಬುಧವಾರ ಎಂದರೆ ಬುಧವಾರವೇ

ಯುದ್ಧ ನಿಂತ ಊರಿಗೆ ದವಸ, ಔಷಧಿಗಳಿಗಿಂತ ಮೊದಲು ಬಂದು ಸೇರುವುದು ಪ್ರಶ್ನೆಗಳು. ಸಮೀಕ್ಷೆಯವರು, ಪತ್ರಕರ್ತರು, ನೆರವು ಸಂಸ್ಥೆಯವರು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ನಮೂನೆ. ಮಗನನ್ನು ಕಳೆದುಕೊಂಡ ತಾಯಿ ಅದೇ ಸಂಗತಿಯನ್ನು ಎಷ್ಟು ಮಂದಿಯ ಮುಂದೆ ಹೇಳಬೇಕು? ನಾನು ಅಂಥ ಪ್ರದೇಶಗಳಲ್ಲಿ ಮೊದಲು ದಾದಿಯಾಗಿ, ಆಮೇಲೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವಳಾಗಿ ಕೆಲಸ ಮಾಡಿದ್ದೇನೆ. ಊರುಗಳ ಹೆಸರು ಬರೆಯುವುದಿಲ್ಲ; ಯಾರು ಯಾವ ಕಡೆಯವರು ಎಂಬ ಲೆಕ್ಕಾಚಾರ ಅಲ್ಲಿ ಇನ್ನೂ ಮುಗಿದಿಲ್ಲ. ಕೆಲಸ ಮಾಡಿದ ಬಗೆಯನ್ನು ಮಾತ್ರ ಹೇಳುತ್ತೇನೆ. ನನ್ನ ಮಟ್ಟಿಗೆ ಅದರ ತಿರುಳು ಇಷ್ಟು: ಜನರ ಬಾಯಿ ಬಿಡಿಸಲು ಹೋಗಬೇಡಿ, ಹೇಳಿದ ದಿನ ಹೇಳಿದ ಹೊತ್ತಿಗೆ ಕ್ಲಿನಿಕ್ ತೆರೆಯಿರಿ.

ಅಂಥ ಒಂದು ಊರಿನ ಆರೋಗ್ಯ ಕೇಂದ್ರಕ್ಕೆ ಚಾವಣಿಯೇ ಇರಲಿಲ್ಲ. ಫ್ರಿಜ್ಜನ್ನು ಯಾರೋ ಹೊತ್ತೊಯ್ದಿದ್ದರು. ದಾಖಲೆ ಪುಸ್ತಕಗಳು ಸುಟ್ಟುಹೋಗಿದ್ದರಿಂದ ಯಾವ ಮಗುವಿಗೆ ಯಾವ ಲಸಿಕೆ ಆಗಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಕಟ್ಟಡ ಏಳುವ ತನಕ ಕಾಯುವ ಬದಲು ಶಾಲೆಯ ಒಂದು ಕೋಣೆಯನ್ನು ಕೇಳಿ ಪಡೆದು, ಬುಧವಾರ ಲಸಿಕೆಯ ದಿನ ಎಂದು ಸಾರಿದೆವು. ಮೊದಲು ದಡಾರ. ಒತ್ತೊತ್ತಾಗಿ ಬದುಕುವ ನಿರಾಶ್ರಿತರ ನಡುವೆ, ಸೊರಗಿದ ಮಕ್ಕಳಿರುವ ಕಡೆ ದಡಾರ ಹೊಕ್ಕರೆ ಗುಂಡಿನಿಂದ ತಪ್ಪಿಸಿಕೊಂಡ ಮಕ್ಕಳೂ ಉಳಿಯುವುದಿಲ್ಲ. ಹಾಗಾಗಿ ಇಂಥ ಸಂದರ್ಭದಲ್ಲಿ ಎಂದಿನ ವೇಳಾಪಟ್ಟಿಯನ್ನು ಬದಿಗಿಟ್ಟು 6 ತಿಂಗಳಿನಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಲಸಿಕೆ ಹಾಕುವುದು ರೂಢಿ. ಐದು ವರ್ಷದೊಳಗಿನವರ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುತ್ತಿದ್ದೆವು. ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಆ ಮಗುವಿಗೆ 500 ಕಿಲೊಕ್ಯಾಲರಿಯ ಪೌಷ್ಟಿಕ ಪೇಸ್ಟಿನ ಪೊಟ್ಟಣಗಳನ್ನು ಒಂದು ವಾರಕ್ಕಾಗುವಷ್ಟು ಎಣಿಸಿ ಕೊಟ್ಟು, ಮುಂದಿನ ಬುಧವಾರ ಮತ್ತೆ ತೂಕ ನೋಡಬೇಕು.

ವರ್ಷಗಟ್ಟಲೆ ನಾಳೆಯನ್ನೇ ನಂಬದೆ ಬದುಕಿದ ಜನರಿಗೆ ‘ಮುಂದಿನ ಬುಧವಾರ’ ಎಂಬ ಮಾತೇ ಹೊಸದು. ಆದ್ದರಿಂದ ಮಳೆ ಸುರಿಯಲಿ, ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆದು ನಿಲ್ಲಿಸಲಿ, ಯಾರಾದರೊಬ್ಬರು ಹೋಗಿ ಆ ಕೋಣೆಯ ಬೀಗ ತೆಗೆಯಲೇಬೇಕು ಎಂಬುದು ನಮ್ಮ ನಿಯಮವಾಗಿತ್ತು. ಲಸಿಕೆ ಬಂದಿಲ್ಲವಾದರೆ ಬಂದಿಲ್ಲ ಎಂದು ಹೇಳಲಿಕ್ಕಾದರೂ ಅಲ್ಲಿ ಒಬ್ಬರು ಕೂತಿರಬೇಕು.

ಲಸಿಕೆಯ ಬಗ್ಗೆ ಪುಕಾರುಗಳಿಗೇನೂ ಬರವಿರಲಿಲ್ಲ. ಇದು ಎದುರು ಪಕ್ಷದವರು ಕಳಿಸಿದ ವಿಷ, ಹುಡುಗಿಯರಿಗೆ ಮಕ್ಕಳಾಗದಂತೆ ಮಾಡುವ ಮದ್ದು, ಹೀಗೆ. ಭಾಷಣದಿಂದ ಇದು ಹೋಗುವುದಿಲ್ಲ. ನಮ್ಮ ಕಾರ್ಯಕರ್ತೆಯೊಬ್ಬಳು ತಾನಾಗಿಯೇ ಒಂದು ದಾರಿ ಕಂಡುಕೊಂಡಳು. ಲಸಿಕೆಯ ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ತಿಳಿಬಣ್ಣದ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಅದು ಸುತ್ತಲಿನ ವೃತ್ತದಷ್ಟೇ ಕಪ್ಪಾಯಿತೆಂದರೆ ಸೀಸೆಯನ್ನು ಬಳಸುವಂತಿಲ್ಲ. ಆಕೆ ಪ್ರತಿ ಸೀಸೆಯನ್ನೂ ಪೆಟ್ಟಿಗೆಯಿಂದ ತೆಗೆದು ಮುಂದೆ ಕೂತ ತಾಯಂದಿರ ಕೈಗೇ ಕೊಟ್ಟು, ‘ಚೌಕ ನೋಡಿ, ನೀವೇ ಹೇಳಿ, ಹಾಕಬಹುದೇ?’ ಎಂದು ಕೇಳುತ್ತಿದ್ದಳು. ಒಂದು ದಿನ ಕೆಲವು ಸೀಸೆಗಳು ಕಪ್ಪಾಗಿ ಬಂದಿದ್ದವು. ಎಲ್ಲರೆದುರೇ ಅವನ್ನು ಎತ್ತಿಟ್ಟು, ಇವತ್ತು ಹಾಕುವುದಿಲ್ಲ ಎಂದಳು. ಅಷ್ಟು ದಿನ ಬಾಗಿಲಿನ ಹೊರಗೇ ನಿಲ್ಲುತ್ತಿದ್ದ ಹೆಂಗಸರು ಮರುವಾರ ಮಕ್ಕಳನ್ನು ಕರೆದುಕೊಂಡು ಒಳಗೆ ಬಂದರು.

ಮಕ್ಕಳ ಲಸಿಕೆಗೆ ಇರುವ ಈ ಬಲವನ್ನು ಜಗತ್ತು ಮೊದಲೇ ಕಂಡಿದೆ. ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗಲೇ, 1985ರಲ್ಲಿ, ಯುನಿಸೆಫ್ ಮತ್ತು ಚರ್ಚಿನ ಮಧ್ಯಸ್ಥಿಕೆಯಿಂದ ಸರ್ಕಾರ ಮತ್ತು ಬಂಡುಕೋರರು ಲಸಿಕೆಗಾಗಿ ಗೊತ್ತುಪಡಿಸಿದ ದಿನಗಳಂದು ಬಂದೂಕು ಕೆಳಗಿಟ್ಟಿದ್ದರು. ಆದರೆ ಇದನ್ನು ಶಾಂತಿ ಎಂದು ಕೊಂಡಾಡುವವರ ಜೊತೆ ನನ್ನ ತಕರಾರಿದೆ. ಅಲ್ಲಿ ಯುದ್ಧ ಮುಗಿದದ್ದು 1992ರಲ್ಲಿ. ಲಸಿಕೆ ಮಕ್ಕಳನ್ನು ಉಳಿಸಿತು, ಅಷ್ಟು ಸಾಲದೇ?

ಎಲ್ಲಕ್ಕಿಂತ ಹೆಚ್ಚು ತಲೆ ತಿಂದ ಕೆಲಸ ಕಾರ್ಯಕರ್ತೆಯರ ಆಯ್ಕೆ. ರುವಾಂಡದಲ್ಲಿ 1994ರ ನರಮೇಧದ ನಂತರ ಕಟ್ಟಿದ ವ್ಯವಸ್ಥೆಯಲ್ಲಿ ಆರೋಗ್ಯ ಕಾರ್ಯಕರ್ತರನ್ನು ಹಳ್ಳಿಯವರೇ ಆರಿಸುತ್ತಾರೆ. ನಾವೂ ಹಾಗೇ ಮಾಡಬೇಕೆಂದುಕೊಂಡೆವು. ಆದರೆ ನಮ್ಮ ಊರು ಒಂದೇ ಆಗಿರಲಿಲ್ಲ. ಯುದ್ಧದಲ್ಲಿ ಊರು ಬಿಟ್ಟು ಓಡಿ ಈಗ ಮರಳಿದವರು ಒಂದು ಕಡೆ, ಏನಾದರಾಗಲಿ ಎಂದು ಅಲ್ಲೇ ಉಳಿದವರು ಇನ್ನೊಂದು ಕಡೆ. ‘ನೀವು ಬಿಟ್ಟು ಹೋದಿರಿ’ ಎಂದು ಇವರು, ‘ನೀವು ಅವರ ಜೊತೆ ಸೇರಿಕೊಂಡಿರಿ’ ಎಂದು ಅವರು. ಕೊನೆಗೆ ಎರಡೂ ಕಡೆ ಬೇರೆ ಬೇರೆ ಸಭೆ ನಡೆಸಿ ಒಬ್ಬೊಬ್ಬಳನ್ನು ಆರಿಸಿಕೊಂಡೆವು. ಇಬ್ಬರಿಗೂ ಒಂದೇ ಔಷಧ ಪೆಟ್ಟಿಗೆ, ಒಂದೇ ದಾಖಲೆ ಪುಸ್ತಕ. ಮನೆ ಭೇಟಿಗೆ ಇಬ್ಬರೂ ಸೇರಿಯೇ ಹೋಗಬೇಕು. ಅವರಿಬ್ಬರೂ ಮೊದಮೊದಲು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತನಾಡುತ್ತಿದ್ದರು. ನಾನು ಮಾತನಾಡಿಸಲು ಹೋಗಲಿಲ್ಲ. ಕಷ್ಟದ ಹೆರಿಗೆಯೊಂದರಲ್ಲಿ ಸೂಲಗಿತ್ತಿಯ ಜೊತೆ ರಾತ್ರಿಯಿಡೀ ಕೂತು, ಬೆಳಗ್ಗೆ ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಿ ಬಂದ ಮೇಲೆ ಅವರ ನಡುವಿನ ಬಿಗಿ ಸ್ವಲ್ಪ ಸಡಿಲವಾಯಿತು. ಗೆಳತಿಯರಾದರು ಎಂದು ಹೇಳುವಂತಿಲ್ಲ.

ಕ್ಲಿನಿಕ್ಕಿನಲ್ಲಿ ಪ್ರತ್ಯೇಕ ಸಾಲುಗಳಿರಲಿಲ್ಲ. ಚೀಟಿಯ ನಂಬರಿನ ಪ್ರಕಾರ ಸರದಿ, ಎಲ್ಲರಿಗೂ ಅದೇ ಬೆಂಚು. ಬಾಗಿಲಿಗೆ ಬಂದೂಕಿನ ಚಿತ್ರದ ಮೇಲೆ ಅಡ್ಡಗೀಟು ಹಾಕಿದ ಫಲಕ. ಸಮವಸ್ತ್ರದವರೂ ಆಯುಧವನ್ನು ಹೊರಗೆ ಬಿಟ್ಟೇ ಬರಬೇಕು. ದಾಖಲೆ ಪುಸ್ತಕದಿಂದ ‘ಮೂಲ ಊರು’ ಎಂಬ ಕಾಲಂ ತೆಗೆಸಿದೆ. ಅಂಥ ಪುಸ್ತಕ ಯಾರ ಕೈಗಾದರೂ ಸಿಕ್ಕರೆ ಅದು ರೋಗಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ಇನ್ನು ಮನಸ್ಸಿನ ಮಾತು. ಸಂಘರ್ಷ ಪೀಡಿತ ಪ್ರದೇಶಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಆದರೆ ‘ನನ್ನ ಮನಸ್ಸು ಸರಿಯಿಲ್ಲ’ ಎನ್ನುತ್ತಾ ಯಾರೂ ಬರಲಿಲ್ಲ. ತಲೆನೋವು, ಎದೆಯುರಿ, ಕೈಕಾಲು ಜೋಮು ಎಂದು ಬರುತ್ತಿದ್ದರು. ನಾವು ನಾಡಿ, ರಕ್ತದೊತ್ತಡ ನೋಡಿ, ಕೇಳುತ್ತಿದ್ದದ್ದು ಎರಡೇ: ರಾತ್ರಿ ನಿದ್ದೆ ಬರುತ್ತದೆಯೇ, ಹಗಲು ಮನೆಗೆಲಸ ಸಾಗುತ್ತದೆಯೇ. ಅನುಭವಿಸಿದ್ದನ್ನೆಲ್ಲ ಒಂದೇ ಸಲ ಕೂರಿಸಿ ಹೇಳಿಸಿ ಹಗುರ ಮಾಡುತ್ತೇವೆ ಎಂಬ ಪದ್ಧತಿ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಉಪಯೋಗವಿಲ್ಲ ಎಂದು ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬೇಡವೆನ್ನುತ್ತದೆ. ಅದು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ನೋಡು, ಆಲಿಸು, ಜೋಡಿಸು ಎಂಬ ಮೂರನ್ನು. ಮೂರರಲ್ಲಿ ಕೊನೆಯದು, ಅಂದರೆ ಬೇಕಾದ ನೆರವಿಗೆ ಜೋಡಿಸುವುದೇ ದೊಡ್ಡದು. ತಲೆನೋವಿನ ಹೆಂಗಸಿಗೆ ಪಡಿತರ ಚೀಟಿ ಸಿಕ್ಕರೆ, ಮಗಳು ಶಾಲೆಗೆ ಸೇರಿದರೆ, ಎಷ್ಟೋ ಸಲ ನಮ್ಮ ಮಾತ್ರೆ ಬೇಕಾಗುವುದಿಲ್ಲ. ಅಷ್ಟಕ್ಕೂ ಸುಧಾರಿಸದವರಿಗೆ ವಾರಕ್ಕೊಂದರಂತೆ 5 ಭೇಟಿಗಳ ಒಂದು ಕ್ರಮವಿದೆ. ಉಸಿರಾಟದ ಅಭ್ಯಾಸ, ಎದುರಿಗಿರುವ ಸಮಸ್ಯೆಯನ್ನು ಬಿಡಿಸಿ ನೋಡುವುದು, ಕೈಬಿಟ್ಟ ಕೆಲಸಗಳನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಹಿಡಿಯುವುದು. ಪಾಕಿಸ್ತಾನದ ಪೆಶಾವರದಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ ಮನೋವೈದ್ಯರಲ್ಲದ ಸ್ಥಳೀಯ ಕಾರ್ಯಕರ್ತರೇ ನಡೆಸಿ ಫಲ ಕಂಡಿದ್ದರು. ನಮ್ಮವರೂ ಕಲಿತರು.

ಕಾಣೆಯಾದವರ ಮನೆಗಳಲ್ಲಿ ಮಾತ್ರ ಈ ಯಾವ ಕ್ರಮವೂ ಸಲೀಸಾಗಿ ನಡೆಯಲಿಲ್ಲ. ಶವ ಇಲ್ಲ, ಹಾಗಾಗಿ ಕರ್ಮ ಮಾಡುವಂತಿಲ್ಲ. ಹೆಂಡತಿಗೆ ತಾನು ವಿಧವೆಯೋ ಅಲ್ಲವೋ ಗೊತ್ತಿಲ್ಲ. ‘ಅವರು ಬರುತ್ತಾರೆಯೇ?’ ಎಂದು ಕಾರ್ಯಕರ್ತೆಯನ್ನೇ ಕೇಳುತ್ತಿದ್ದರು. ಬರುತ್ತಾರೆ ಎಂದಾಗಲಿ, ಆಸೆ ಬಿಡಿ ಎಂದಾಗಲಿ ಹೇಳಬಾರದು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ. ಕಾಣೆಯಾದವರನ್ನು ಹುಡುಕುವ ಕೆಲಸ ರೆಡ್ ಕ್ರಾಸ್‌ನದು. ಅಲ್ಲಿಗೆ ಅರ್ಜಿ ಬರೆದುಕೊಡುವುದು, ಫೋಟೊ ಜೋಡಿಸಿ ಕಳಿಸುವುದು, ಉತ್ತರ ಬಂತೇ ಎಂದು ವಿಚಾರಿಸುತ್ತಿರುವುದು, ಇಷ್ಟು ನಮ್ಮ ಕೈಯಲ್ಲಿತ್ತು.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆಂದು ಪ್ರತ್ಯೇಕ ಕೋಣೆ, ಪ್ರತ್ಯೇಕ ಫಲಕ ಬೇಡವೇ ಬೇಡ ಎಂದು ಹಟ ಹಿಡಿದೆ. ಆ ಬಾಗಿಲನ್ನು ದಾಟುವುದನ್ನು ಇಡೀ ಊರು ನೋಡುತ್ತದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ, ತುರ್ತು ಗರ್ಭನಿರೋಧಕವನ್ನು 5 ದಿನದೊಳಗೆ ಕೊಡಬೇಕು. ಅವೆರಡೂ ತಾಯಿ ಮಗುವಿನ ಕೋಣೆಯ ಕಪಾಟಿನಲ್ಲೇ ಇರುತ್ತಿದ್ದವು.

ಕೊನೆಗೆ ಸಂಬಳದ ವಿಷಯ, ಯಾರೂ ಬಾಯಿಬಿಟ್ಟು ಮಾತನಾಡದ್ದು. ಹೊರಗಿನ ಸಂಸ್ಥೆಗಳು ಹೆಚ್ಚು ಹಣ ಕೊಟ್ಟು ಸರ್ಕಾರಿ ಕೇಂದ್ರಗಳ ದಾದಿಯರನ್ನು ದುಭಾಷಿಗಳಾಗಿ, ಕಚೇರಿ ಕೆಲಸಕ್ಕೆ ಎಳೆದುಕೊಳ್ಳುತ್ತವೆ. ಅನುದಾನ ಮುಗಿದಾಗ ಸಂಸ್ಥೆ ಹೋಗುತ್ತದೆ, ದಾದಿ ಹಳೆಯ ಕೆಲಸಕ್ಕೆ ಮರಳುವುದಿಲ್ಲ. ನಾವು ಮೊದಲಿನಿಂದಲೂ ಇಲಾಖೆಯ ದರದಲ್ಲೇ ಸಂಬಳ ಕೊಟ್ಟೆವು. ಅದಕ್ಕಾಗಿ ಬೈಸಿಕೊಂಡೂ ಆಯಿತು. ನಾನು ಹೊರಡುವ ಹೊತ್ತಿಗೆ ಇಬ್ಬರು ಕಾರ್ಯಕರ್ತೆಯರ ಹೆಸರೂ ಇಲಾಖೆಯ ಸಂಬಳದ ಪಟ್ಟಿಗೆ ಸೇರಿತ್ತು. ಮೂರ್ಛೆರೋಗದ ಫೆನೋಬಾರ್ಬಿಟೋನ್ ಮಾತ್ರ ಆಗಾಗ ಮುಗಿದುಹೋಗುತ್ತಿತ್ತು, ಅದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಇನ್ನಷ್ಟು ಜೋರಾಗಿ ಬರುತ್ತದೆ. ಹಾಗಾಗಿ ಡಬ್ಬಿ ಅರ್ಧವಾದ ದಿನವೇ ಬೇಡಿಕೆ ಪಟ್ಟಿ ಕಳಿಸುವುದನ್ನು ಅವರಿಗೆ ರೂಢಿ ಮಾಡಿಸಿ ಬಂದೆ.