ಗುರುವಾರ ಲೈಟ್ ಹೋದ್ರ ಸರ್ವಿಸ್ ಏಳ್ತಿರಲಿಲ್ಲ, ಕಾರಣ ಸಿಕ್ಕಿದ್ದು ಹಿಂಗ

ಪುಣೆ ಭೋಸರಿ ಎಮ್‌ಐಡಿಸಿ ಇಂಡಸ್ಟ್ರಿಯಲ್ ಏರಿಯಾದೊಳಗ ನಮ್ಮ ವಿಜಯಪುರ ಕಡೆ ಅಣ್ಣಾ ಒಬ್ಬರದು ಸಣ್ಣ ಮಷೀನ್ ಶಾಪ್ ಅದ, ಅವರಿಗೆ ಚಲನ್ ಬರೆಯೋ ಸಾಫ್ಟ್‌ವೇರ್ ನಾನೇ ಪೈಥಾನ್‌ದಾಗ ಮಾಡಿಕೊಟ್ಟು, ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಬೂಟ್ ಆದಾಗ ಅದು ತಾನಾಗೇ ಶುರು ಆಗ್ಲಿ ಅಂತ ಸಿಸ್ಟಮ್‌ಡಿ ಸರ್ವಿಸ್ ಮಾಡಿಟ್ಟಿದ್ದೆ. ಇಲ್ಲೆ ಗುರುವಾರ ಮೇಂಟೆನನ್ಸ್ ಅಂತ ಲೈಟ್ ಹೋಗೂದು ಪುಣೆದಾಗ ಇದ್ದವರಿಗೆಲ್ಲಾ ಗೊತ್ತದ. ಸಂಜಿಗೆ ಲೈಟ್ ಬಂದ್ರ ಮಷೀನ್ ತಾನಾಗೇ ಆನ್ ಆಗ್ತದ, ಆದ್ರ ನನ್ನ ಸರ್ವಿಸ್ ಮಾತ್ರ ಫೇಲ್ಡ್. ಹೊರಗ ಟೆಂಪೋ ಲೋಡ್ ಆಗಿ ನಿಂತಿರ್ತದ, ಚಲನ್ ಕೈಗೆ ಬರೂತನಕ ಡ್ರೈವರ್ ಹೊಂಡೂದಿಲ್ಲ, ಅಣ್ಣಾ ಫೋನ್ ಮಾಡ್ತಾರ, ನಾ ಚಾಕಣದಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದನೇ ಆ ಮಷೀನಿಗೆ ಹೊಕ್ಕು) ಸ್ಟಾರ್ಟ್ ಕೊಟ್ರ ಒಂದೇ ಏಟಿಗೆ ಚಾಲೂ. ಮೂರು ಗುರುವಾರ ಇದೇ ಆತು.

ಮೊದಲು ನೆಟ್‌ವರ್ಕ್ ಮ್ಯಾಲೆ ಡೌಟ್ ಬಂತು, ಸರ್ವಿಸ್ ಯಾವುದರ ನಂತರ ಶುರು ಆಗಬೇಕು ಅಂತ ಹೇಳೂ ಆಫ್ಟರ್ ಲೈನಿನ್ಯಾಗ ನೆಟ್‌ವರ್ಕ್ ಡಾಟ್ ಟಾರ್ಗೆಟ್ ಇತ್ತು, ಅದನ್ನ ನೆಟ್ ಪೂರಾ ಬರೂತನಕ ಕಾಯೂ ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಮಾಡಿ ರೀಬೂಟ್ ಹೊಡದೆ, ಸರ್ವಿಸ್ ಎದ್ದು ಬಂತು, ಸರಿ ಆತು ಅಂದ್ಕೊಂಡೆ. ಆದ್ರ ರೀಬೂಟ್‌ಗೆ ಅದು ಮೊದಲಿಂದನೂ ಏಳ್ತಿತ್ತು, ನಾ ಗಮನಿಸಿರಲಿಲ್ಲ ಅಷ್ಟೇ. ಆಮ್ಯಾಲೆ ಶುರುವಿಗೆ ಒಂದು ಸೆಕೆಂಡ್ ಕಾಯಿಸೂ ಸ್ಲೀಪ್ ಹಾಕಿ ನೋಡಿದೆ, ಒಂದು ವಾರ ನಡೀತು, ಮುಂದಿನ ವಾರ ಮತ್ತ ಅದೇ ಹಾಡು.

ಕಡೀಗೆ ಒಂದು ಗುರುವಾರ ಶಾಪಿಗೇ ಹೋಗಿ ಕೂತೆ. ಲೈಟ್ ಬಂತು, ಫೇಲ್ ಆತು, ಈ ಸಲ ಸ್ಟಾರ್ಟ್ ಕೊಡಲಿಲ್ಲ, ಲಾಗ್ ತೋರಿಸೂ ಜರ್ನಲ್‌ಸಿಟಿಎಲ್‌ಗೆ ಮೈನಸ್ ಬಿ ಕೊಟ್ಟು ಆ ಬೂಟಿನ ಇಡೀ ಲಾಗ್ ತಗದೆ. ಇಷ್ಟು ದಿನ ಬರೇ ನನ್ನ ಸರ್ವಿಸ್ ಲಾಗ್ ಅಷ್ಟೇ ನೋಡ್ತಿದ್ದೆ, ಅದರಾಗ ‘ನೋ ಸಚ್ ಫೈಲ್’ ಅಂತ ಬರ್ತಿತ್ತು, ಹೋಗಿ ನೋಡಿದ್ರ ಡೇಟಾಬೇಸ್ ಫೈಲ್ ಅಲ್ಲೇ ಇರ್ತಿತ್ತು. ಈಗ ಎಲ್ಲಾ ಲೈನ್ ಒಂದರ ಕೆಳಗ ಒಂದು ಇದ್ದವು: 6:42:21ಕ್ಕ ನನ್ನ ಸರ್ವಿಸ್ ಫೇಲ್, 6:42:29ಕ್ಕ ಡೇಟಾ ಡಿಸ್ಕ್ ಮೌಂಟ್, ಅಂದ್ರ ಡಿಸ್ಕ್ ತನ್ನ ಫೋಲ್ಡರಿಗೆ ಜೋಡಣೆ ಆಗೂದು. ಎಂಟು ಸೆಕೆಂಡ್ ತಡಾ.

ಡೇಟಾ ಇರೂದು ಅಡಾಪ್ಟರ್ ಹಚ್ಚಿದ ಯುಎಸ್‌ಬಿ ಡಿಸ್ಕಿನ್ಯಾಗ. ರೀಬೂಟ್ ಮಾಡಿದ್ರ ಅದು ತಿರುಗ್ತಾನೇ ಇರ್ತದ, ಲಗೂನ ಸಿಗ್ತದ. ಲೈಟ್ ಹೋಗಿ ಬಂದ್ರ ನಿಂತಲ್ಲಿಂದ ಸ್ಪೀಡ್ ಹಿಡೀಬೇಕು, ಮ್ಯಾಲೆ ಯುಪಿಎಸ್ ಬರಿದಾಗಿ ಧಪ್ ಅಂತ ಬಂದ್ ಆಗಿದ್ದಕ್ಕ ಡಿಸ್ಕ್ ತಪಾಸಣಿ ಮಾಡೂ ಎಫ್‌ಎಸ್‌ಸಿಕೆ ಬ್ಯಾರೆ ಓಡ್ತದ. ಯಾವ ಡಿಸ್ಕ್ ಎಲ್ಲೆ ಮೌಂಟ್ ಆಗಬೇಕು ಅಂತ ಬರಿಯೂ ಎಫ್‌ಎಸ್‌ಟ್ಯಾಬ್‌ನ್ಯಾಗ ನಾನೇ ನೋಫೇಲ್ ಅಂತ ಬರ್ದಿದ್ದೆ, ಹಂಗಂದ್ರ ಬೂಟ್ ಆ ಡಿಸ್ಕಿಗೆ ಕಾಯೂದಿಲ್ಲ, ಮುಂದ ಹೋಗಿಬಿಡ್ತದ. ಫೇಲ್ ಆದ್ರ ಮತ್ತ ಶುರು ಮಾಡು ಅನ್ನೂ ರೀಸ್ಟಾರ್ಟ್ ಆನ್ ಫೇಲ್ಯೂರ್ ಮೊದಲೇ ಹಾಕಿದ್ದೆ, ಅದೂ ಉಪಯೋಗಕ್ಕ ಬರಲಿಲ್ಲ, ಯಾಕಂದ್ರ ಡೀಫಾಲ್ಟ್‌ನ್ಯಾಗ ಎರಡು ಪ್ರಯತ್ನದ ನಡುವಿನ ಗ್ಯಾಪ್ 100 ಮಿಲಿಸೆಕೆಂಡ್, 10 ಸೆಕೆಂಡಿನ್ಯಾಗ 5 ಸಲ ಸ್ಟಾರ್ಟ್ ಮಾಡಿದ ಮ್ಯಾಲೆ ಸಿಸ್ಟಮ್‌ಡಿ ಕೈಬಿಡ್ತದ, ನನ್ನ ಐದು ಸಲ ಡಿಸ್ಕ್ ಬರೂದರಾಗ ಮುಗದೇ ಹೋಗ್ತಿದ್ದವು.

ಸ್ಲೀಪ್ ತಗದು ಹಾಕಿದೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು ಸರ್ವಿಸ್ ಫೈಲಿನ ಯೂನಿಟ್ ಸೆಕ್ಷನ್‌ನ್ಯಾಗ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಅಂತ ಒಂದೇ ಲೈನ್, ಮುಂದ ಡೇಟಾ ಫೋಲ್ಡರಿನ ಪಾಥ್. ಆ ಮೌಂಟ್ ಬೇಕೇ ಬೇಕು, ಅದು ಆದ ಮ್ಯಾಲೇನೇ ಶುರು ಮಾಡು ಅನ್ನೂ ಎರಡೂ ಮಾತು ಈ ಒಂದು ಲೈನಿನ್ಯಾಗ ಬರ್ತಾವ. ಬರೇ ಆಫ್ಟರ್ ಹಾಕಿದ್ರ ಡಿಸ್ಕ್ ಬರದಿದ್ರೂ ಸರ್ವಿಸ್ ಶುರು ಆಗ್ತಿತ್ತು.

ಈ ಸಲ ರೀಬೂಟ್ ಮಾಡಿ ನಂಬಲಿಲ್ಲ. ಪವರ್‌ಆಫ್ ಕೊಟ್ಟು, ಬೋರ್ಡಿನ ಸ್ವಿಚ್ಚೂ ಬಂದ್ ಮಾಡಿ ಚಹಾ ಕುಡದು ಬಂದು ಆನ್ ಮಾಡಿದೆ: ಮೌಂಟ್ ಮೊದಲು, ಸರ್ವಿಸ್ ಹಿಂದ. ಇನ್ನೊಮ್ಮೆ ಡಿಸ್ಕಿನ ಕೇಬಲ್ ಕಿತ್ತು ಆನ್ ಮಾಡಿದೆ, 90 ಸೆಕೆಂಡ್ ಕಾದು ‘ಡಿಪೆಂಡೆನ್ಸಿ ಫೇಲ್ಡ್’ ಅಂತು. ನನಗ ಬೇಕಾದದ್ದೂ ಅದೇ, ಫೈಲ್ ಇಲ್ದಾಗ ಪ್ರೋಗ್ರಾಮ್ ಫೇಲ್ ಆಗೂ ಬದ್ಲಿ ಡಿಸ್ಕ್ ಇಲ್ದ ಖಾಲಿ ಫೋಲ್ಡರಿನ್ಯಾಗ ಹೊಸಾ ಡೇಟಾಬೇಸ್ ಶುರು ಆಗಿ ಚಲನ್ ನಂಬರ್ ಮತ್ತ ಒಂದರಿಂದ ಬಂದಿದ್ರ ಅಣ್ಣಾರ ಲೆಕ್ಕ ಎಲ್ಲಾ ಹಾಳಾಗ್ತಿತ್ತು.

ಮುಂದಿನ ಗುರುವಾರ ಸಂಜಿಗೆ ನಾನೇ ಫೋನ್ ಮಾಡಿ ಕೇಳಿದೆ. ಟೆಂಪೋ ಆಗಲೇ ಹೋಗಿತ್ತು.